ಮೂರು ಬೀಗದ ನೀರು

ಇಡೀ ಚಾಳಕ್ಕೆ ಇದ್ದದ್ದು ಒಂದೇ ನಳ, ಆ ನಳದ ಕೋಣೆಗೆ ಮಾತ್ರ ಮೂರು ಬೀಗ. ಮರಾಠಿಯವರದೊಂದು, ತೆಲುಗಿನವರದೊಂದು, ಮುಸಲ್ಮಾನರದೊಂದು. ಒಬ್ಬರ ಪಾಲಿನ ನೀರನ್ನು ಇನ್ನೊಬ್ಬರು ಕದ್ದಾರೆಂಬ ಸಂಶಯಕ್ಕೆ ಹಾಕಿಕೊಂಡದ್ದು. ಮೂವರೂ ಬಂದು ತೆರೆಯದ ಹೊರತು ಯಾರಿಗೂ ಹನಿ ನೀರಿಲ್ಲ.

ಮರಾಠಿಯವರ ಬೀಗದ ಕೈ ಒಂಟಿ ಹೆಂಗಸು ಶೆವಂತಾಬಾಯಿಯ ಸೊಂಟದಲ್ಲಿರುತ್ತಿತ್ತು. ಬೆಳಗ್ಗೆ ಅವಳು ತುಸು ತಡಮಾಡಿದರೂ ಪಕ್ಕದ ಮನೆಯ ಖತೀಜಾಬಿ ಬಂದು ಬಾಗಿಲು ಬಡಿಯುತ್ತಿದ್ದಳು.

"ಏ ಬಾಯಿ, ಸತ್ತಿಯೇನ? ಮಂದಿ ಎಲ್ಲಾ ಕೊಡಾ ಹಿಡಕೊಂಡ ನಿಂತೈತಿ!"

"ಸಾಯೂದಿದ್ರ ನಿನಗ ಹೇಳೇ ಸಾಯ್ತೀನಿ, ತಡಿ!" ಎಂದು ಶೆವಂತಾಬಾಯಿ ಒಳಗಿನಿಂದಲೇ ಒದರುತ್ತಿದ್ದಳು.

ಮುಂದೆ ಮನೆಮನೆಗೂ ನಳ ಬಂತು. ಮೂರೂ ಬೀಗ ಕಳಚಿದರು.

"ಪೀಡಾ ಹೋತು ನೋಡಪಾ," ಎಂದಳು ಬಾಯಿ, ನಳ ಕೂಡಿಸಿದವನಿಗೆ ಚಹಾ ಕೊಡುತ್ತ. "ಇನ್ನ ಮುಂಜಾನೆದ್ದು ಆ ಮಂದಿ ಮಾರಿ ನೋಡೂದು ತಪ್ಪಿತು."

ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಅವಳು ಬಚ್ಚಲಲ್ಲಿ ಜಾರಿ ಬಿದ್ದಳು. ಕಾಲು ಅಲುಗಲಿಲ್ಲ. ಕೂಗಲು ಹೋದರೆ ದನಿ ಗಂಟಲು ದಾಟಲಿಲ್ಲ. ನೋವು ಕೂಡ ಎಲ್ಲೋ ದೂರದಲ್ಲಿ, ಬೇರೆ ಯಾರಿಗೋ ಆಗುತ್ತಿರುವಂತಿತ್ತು. ಗೋಡೆಯಾಚೆ ಖತೀಜಾಬಿ ನಳ ಬಿಟ್ಟ ಸದ್ದು ಕೇಳಿಸಿತು. ಹೊತ್ತಾಯಿತು, ಇನ್ನೇನು ಬರುತ್ತಾಳೆ ಎಂದುಕೊಂಡು ಬಾಯಿ ಬಾಗಿಲ ಕಡೆ ನೋಡುತ್ತ ಮಲಗಿದಳು.

ಆಚೆ ಕೊಡ ತುಂಬಿತು, ನಳ ನಿಂತಿತು. ಬಾಗಿಲನ್ನು ಯಾರೂ ಬಡಿಯಲಿಲ್ಲ.