ಊಟದ ಮೇಜಿನ ಸುಟ್ಟ ಕಲೆ

"ಇದು ದಂಗೆಕೋರನ ಪಂಜು ಬಿದ್ದು ಸುಟ್ಟ ಗುರುತು," ಎಂದು ಗೈಡ್ ದೊರೆಯ ಹಳೆಯ ಬಂಗಲೆಯ ಉದ್ದನೆಯ ಊಟದ ಮೇಜಿನ ಕಡೆ ಕೋಲು ಚಾಚಿದ. ಹಗ್ಗದ ಈಚೆ ನಿಂತ ಹತ್ತು ಹನ್ನೆರಡು ಜನ ಕತ್ತು ಉದ್ದ ಮಾಡಿದರು. "ಬಿಳಿ ದೊರೆ ಊಟಕ್ಕೆ ಕೂತಿದ್ದಾಗ ದಂಗೆಕೋರ ಕಿಟಕಿಯಿಂದ ಒಳಗೆ ಹಾರಿದ. ಇಪ್ಪತ್ನಾಲ್ಕು ಜನ ತಟ್ಟೆ ಬಿಟ್ಟು ಓಟ ಕಿತ್ತರು!" ಕಥೆ ಇಲ್ಲಿಗೆ ಬಂದಾಗ ಜನ ಬಾಯಿ ಬಿಟ್ಟುಕೊಂಡು ನೋಡಬೇಕು. ಹದಿನೈದು ವರ್ಷದಿಂದ ತಪ್ಪದೆ ನೋಡಿದ್ದಾರೆ.

"ಪಂಜೂ ಅಲ್ಲ, ಗಿಂಜೂ ಅಲ್ಲ," ಎಂದಳು ಹಿಂದೆ ನಿಂತಿದ್ದ ಮುದುಕಿ. "ಅದು ನಮ್ಮಮ್ಮನ ಇಸ್ತ್ರಿ ಪೆಟ್ಟಿಗೆ."

ಸೊಸೆ ಅವಳ ತೋಳು ಹಿಡಿದು ಜಗ್ಗಿದಳು. "ಅತ್ತೆ, ಸುಮ್ನಿರಿ. ನೋಡ್ಕೊಂಡು ಹೋಗೋಣ ಅಂತ ತಾನೆ ಬಂದಿದ್ದು?"

ನೋಡುವುದಕ್ಕೇ ಬಂದದ್ದು ನಿಜ. ತಾಯಿಯ ಒಂದು ಫೋಟೋ ಕೂಡ ಮುದುಕಿಯ ಬಳಿ ಇರಲಿಲ್ಲ. ಆಕೆ ಬಿಟ್ಟುಹೋದ ಗುರುತು ಎಂದರೆ ಈ ಕಲೆ ಒಂದೇ. ಅದನ್ನೂ ಯಾರೋ ಊರು ಕೇರಿ ಇಲ್ಲದ ದಂಗೆಕೋರನ ತಲೆಗೆ ಕಟ್ಟಿದ್ದು ಕೇಳಿ ಅವಳಿಗೆ ಸುಮ್ಮನಿರಲು ಆಗಲಿಲ್ಲ. ಜನರೆಲ್ಲ ಮುಂದಿನ ಕೋಣೆಗೆ ಸರಿದರು. ಗೈಡ್ ಮಾತ್ರ ಸೊಂಟಕ್ಕೆ ಕೈ ಕೊಟ್ಟು ನಿಂತ.

"ಅಲ್ಲಮ್ಮಾ, ಊಟದ ಮೇಜಿನ ಮೇಲೆ ಯಾರಾದ್ರೂ ಇಸ್ತ್ರಿ ಮಾಡ್ತಾರಾ?"

"ಇಪ್ಪತ್ನಾಲ್ಕು ಜನರ ಮೇಜಿನ ಬಟ್ಟೆ ಮಡಚಿ ತಂದ್ರೆ ಮಡಿಕೆ ಕಾಣುತ್ತಲ್ಲಪ್ಪ. ದೊರೆಸಾನಿಗೆ ಒಂದು ಗೆರೆ ಕಂಡ್ರೂ ಆಗ್ತಿರ್ಲಿಲ್ಲ. ಕೆಳಗೆ ಕಂಬಳಿ ಹಾಸಿ, ಬಟ್ಟೆ ಹರವಿ, ಇಲ್ಲೇ ಇಸ್ತ್ರಿ ಮಾಡೋದು. ಅವತ್ತು ನಾನು ಹಿತ್ತಲ ಮೆಟ್ಟಿಲಿಂದ ಉರುಳಿದೆ. ನಾಲ್ಕು ವರ್ಷ ನಂಗೆ. ಕಿರುಚಿದ್ದು ಕೇಳಿ ಅಮ್ಮ ಪೆಟ್ಟಿಗೆ ಎತ್ತಿಡದೆ ಓಡಿ ಬಂದ್ಲು." ಮುದುಕಿ ಹಣೆಯ ಮೇಲಿನ ಹಳೆಯ ಗಾಯದ ಗೆರೆ ಮುಟ್ಟಿಕೊಂಡಳು. "ಇದಕ್ಕೆ ಬಟ್ಟೆ ಕಟ್ಟಿ ವಾಪಸ್ ಹೋಗೋ ಹೊತ್ತಿಗೆ ಕಂಬಳಿ ತೂತಾಗಿ ಮೇಜು ಸುಟ್ಟಿತ್ತು. ಸಂಜೆಗೆ ಕೆಲಸ ಹೋಯ್ತು."

"ಮಾತಿಗೇನು, ಯಾರು ಬೇಕಾದ್ರೂ ಹೇಳಬಹುದು."

"ಈಗ ದಾಟಿ ಬಂದ ಕೋಣೇಲಿ ಕಪಾಟಿನ ಮೇಲೆ ಇಟ್ಟಿದ್ದೀರಲ್ಲ, ಮೂತಿ ಮುರಿದ ಪೆಟ್ಟಿಗೆ. ತಂದಿಟ್ಟು ನೋಡಿ."

ಸೋಲಿಸಿಯೇ ತೀರುತ್ತೇನೆ ಎಂಬ ಹಟದಲ್ಲಿ ಗೈಡ್ ದಡದಡ ಹೋಗಿ ಅದನ್ನು ಹೊತ್ತು ತಂದ. ಕಲೆಯ ಮೇಲೆ ಮೆಲ್ಲಗೆ ಇಳಿಸಿದ. ಎರಡೂ ಒಂದೇ ಅಳತೆ. ಪೆಟ್ಟಿಗೆಯ ಮೂತಿ ಎಲ್ಲಿ ಮುರಿದಿತ್ತೋ ಕಲೆಯ ತುದಿಯೂ ಅಲ್ಲೇ ಮುರಿದಿತ್ತು. ಅವನು ಒಮ್ಮೆ ಎತ್ತಿ, ಮತ್ತೆ ಇಟ್ಟು ನೋಡಿದ.

"ಹದಿನೈದು ವರ್ಷ ಹೊತ್ತಿಸಿಟ್ಟ ಪಂಜು ಆರಿಸಿಬಿಟ್ಟಿರಲ್ಲಮ್ಮಾ!" ಎಂದು ತಲೆ ಕೆರೆದುಕೊಂಡ.

"ಇಷ್ಟು ವರ್ಷ ನಮಗೂ ಒಂದು ಮಾತು ಹೇಳಿಲ್ವಲ್ಲ ಅತ್ತೆ," ಎಂದಳು ಸೊಸೆ.

"ಯಾರಿಗೂ ಹೇಳ್ಬೇಡ ಅಂತ ಅಮ್ಮ ಆಣೆ ಹಾಕಿಸಿದ್ಲು. ಇದನ್ನ ನೆನೆಸಿಕೊಂಡ್ರೆ ತಲೆ ತಗ್ಗಿಸ್ತಿದ್ಲು, ಸಾಯೋ ತನಕ."

ಸೊಸೆ ಹಗ್ಗ ಎತ್ತಿ ಹಿಡಿದಳು. 'ಮುಟ್ಟಬಾರದು' ಎಂಬ ಫಲಕದ ಪಕ್ಕದಲ್ಲೇ ಮುದುಕಿ ಬಗ್ಗಿ ಒಳಗೆ ನುಸುಳಿದಳು. ಗೈಡ್ ಪೆಟ್ಟಿಗೆ ಎತ್ತಿಕೊಂಡು ಬೇಕೆಂದೇ ಕಿಟಕಿಯ ಹೊರಗೆ ನೋಡತೊಡಗಿದ. ಅವಳು ಕಲೆಯ ಮೇಲೆ ಅಂಗೈ ಇಟ್ಟಳು. ಅಳು ಬಂತು, ಅತ್ತಳು. ಆಮೇಲೆ ಮನಸ್ಸು ಹಗುರಾಯಿತು.

"ಪಂಜಿನ ಕಥೆ ಬರೆದಿರೋ ಫಲಕ ಬದಲಾಯಿಸೋಕೆ ಮೇಲಿನವರ ಅಪ್ಪಣೆ ಬೇಕು. ಅರ್ಜಿ ಬರೀತೀನಿ," ಎಂದ ಗೈಡ್. "ನನ್ನ ಬಾಯಿ ಬದಲಾಯಿಸೋಕೆ ಯಾರ ಅಪ್ಪಣೆಯೂ ಬೇಡ."

ಅಷ್ಟರಲ್ಲಿ ಮುಂದಿನ ತಂಡ ಬಂದು ಹಗ್ಗದ ಬಳಿ ನಿಂತಿತು. ಗೈಡ್ ಗಂಟಲು ಸರಿಮಾಡಿಕೊಂಡು ಕೋಲು ಚಾಚಿದ. "ಈ ಮನೆಯಲ್ಲಿ ಇಸ್ತ್ರಿ ಮಾಡ್ತಿದ್ದ ಒಬ್ಬ ತಾಯಿ ಇದ್ದರು. ಒಂದು ದಿನ ಮಗು ಬಿದ್ದು ಅತ್ತಿದ್ದು ಕೇಳಿಸ್ತು. ದೊರೆಯ ಮೇಜು ಸುಟ್ಟರೆ ಸುಡಲಿ ಅಂತ ಆಕೆ ಓಡಿದರು..." ಅದೇ ದನಿ, ಅದೇ ಗತ್ತು. ಜನ ಬಾಯಿ ಬಿಟ್ಟುಕೊಂಡೇ ನೋಡಿದರು.

"ಆಮೇಲೆ ಆ ಮಗು ಏನಾಯ್ತು?" ಎಂದಳು ಮುಂದೆ ನಿಂತಿದ್ದ ಪುಟ್ಟ ಹುಡುಗಿ.

ಗೈಡ್ ಬಾಗಿಲ ಕಡೆ ನೋಡಿದ. ಅಲ್ಲಿ ಸೊಸೆಯ ಪಕ್ಕದಲ್ಲಿ ನಿಂತಿದ್ದ ಮುದುಕಿ, ಶಾಲೆಯಲ್ಲಿ ಹಾಜರಿ ಕೂಗಿದಾಗಿನ ಹಾಗೆ, ಕೈ ಎತ್ತಿದಳು.