ಏಳು ಎಂಬಿ

ಸೊಲ್ಲಾಪುರದಿಂದ ಮಗಳ ವಿಡಿಯೊ ಕಾಲ್ ಬರಲು ಇನ್ನು ಹತ್ತು ನಿಮಿಷವಿತ್ತು. ನೀಲಮ್ಮ ಲಗ್ಗೆರೆಯ ತನ್ನ ಜೆರಾಕ್ಸ್ ಅಂಗಡಿಯ ಷಟರನ್ನು ಅರ್ಧ ಇಳಿಸಿ, ಹಳೆಯ ಕಂಪ್ಯೂಟರಿನ ಮುಂದೆ ಕೂತು ರೆಕಾರ್ಡಿಂಗಿನ ಸೆಟ್ಟಿಂಗ್ ತೆರೆದಳು.

ನಿನ್ನೆ ಅದು ಕೈಕೊಟ್ಟಿತ್ತು. ಮಗಳು ವಚನಾಳ ಫೋನಿನಲ್ಲಿರುವ ಫೋಟೊಗಳನ್ನೆಲ್ಲ ಅವಳ ಗಂಡ ದಿನವೂ ತಡಕಾಡುತ್ತಿದ್ದ. ಅವಳು ಏನನ್ನೂ ತೆಗೆದಿಡುವ ಹಾಗಿರಲಿಲ್ಲ. ಅವಳು ಗಾಯ ತೋರಿಸಬೇಕು, ಇಲ್ಲಿ ಅಮ್ಮ ಪರದೆಯನ್ನು ರೆಕಾರ್ಡ್ ಮಾಡಿ ವಕೀಲೆ ವರಲಕ್ಷ್ಮಿಗೆ ಕೊಡಬೇಕು ಎಂದು ಮಾತಾಗಿತ್ತು. ನೀಲಮ್ಮ ಆಸೆಪಟ್ಟು ಗುಣಮಟ್ಟವನ್ನು ಪೂರ್ತಿ ಏರಿಸಿದ್ದಳು. ಮುದಿ ಎತ್ತಿಗೆ ಎರಡು ಗಾಡಿ ಭಾರ ಹೇರಿದ ಹಾಗಾಯಿತು. ಒಂದೇ ನಿಮಿಷಕ್ಕೆ ಫ್ಯಾನು ಗೊರಗೊರ ಅಂದು, ಮಗಳ ಮುಖ ಬಾಯಿ ತೆರೆದಲ್ಲೇ ನಿಂತುಹೋಯಿತು. ಕಾಲ್ ಹೋಯಿತು, ಫೈಲೂ ಉಳಿಯಲಿಲ್ಲ.

ಈ ಸಲ ಎಲ್ಲ ಇಳಿಸಿದಳು. ಚಿತ್ರದ ಅಳತೆ ಅರ್ಧ, ಸೆಕೆಂಡಿಗೆ ಹತ್ತೇ ಫ್ರೇಮು, ಗುಣಮಟ್ಟ ಎಲ್ಲಕ್ಕಿಂತ ಕೆಳಗಿನದು. ಹನ್ನೆರಡು ವರ್ಷ ಈ ಯಂತ್ರದೊಂದಿಗೆ ಏಗಿದವಳು. ಅದು ಎಷ್ಟು ಹೊರುತ್ತದೆಂದು ಅವಳಿಗೆ ಗೊತ್ತು.

ಕಾಲ್ ಬಂತು. ಅತ್ತೆ ಪಕ್ಕದ ಕೋಣೆಯಲ್ಲಿದ್ದಳೇನೋ, ವಚನಾ ತುಟಿಯ ಮೇಲೆ ಬೆರಳಿಟ್ಟಳು. ಸ್ನಾನದ ಹೊತ್ತು ಬಿಟ್ಟರೆ ಎಂದೂ ವಿಭೂತಿ ಅಳಿಸದ ಹುಡುಗಿ, ಸೆರಗಿನಿಂದ ಹಣೆ ಒರೆಸಿಕೊಂಡಳು. ಅಡಿಯಲ್ಲಿ ಕಾದ ಸೌಟಿನ ಬರೆ, ಇನ್ನೂ ಹಸಿಯಾಗಿತ್ತು. ಆಮೇಲೆ ಕತ್ತು ತೋರಿಸಿದಳು. ಆಮೇಲೆ ತೋಳು. ನೀಲಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಕಂಪ್ಯೂಟರು ಒಮ್ಮೆಯೂ ತಡವರಿಸಲಿಲ್ಲ.

ಕೊನೆಗೆ ಮಗಳು ಪಿಸುಗುಟ್ಟಿದಳು. "ಬಂತಾ ಅಮ್ಮ?"

ನೀಲಮ್ಮ ತಲೆಯಾಡಿಸಿದಳು.

ಫೈಲು ತೆರೆದು ಮತ್ತೆ ನೋಡುವಷ್ಟು ಎದೆ ಅವಳಿಗಿರಲಿಲ್ಲ. ಆರು ನಿಮಿಷ, ಏಳು ಎಂಬಿ. ಅಷ್ಟನ್ನು ಓದಿಕೊಂಡು, ಪೆನ್ ಡ್ರೈವಿಗೆ ಹಾಕಿ, ಮರುದಿನ ರಾಜಾಜಿನಗರಕ್ಕೆ ಹೋಗಿ ವರಲಕ್ಷ್ಮಿಯ ಮೇಜಿನ ಮೇಲಿಟ್ಟಳು.

ವರಲಕ್ಷ್ಮಿ ಒಮ್ಮೆ ನೋಡಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು.

"ಗಾಯ ಎಲ್ಲಮ್ಮಾ?"

"ಹಣೆ ಮೇಲೆ, ಮೇಡಂ. ಈಗ ಒರೆಸ್ಕೋತಾಳೆ ನೋಡಿ. ಹಾಂ, ಅಲ್ಲೇ."

ಅಲ್ಲಿ ಗೋಧಿಬಣ್ಣದ ಚೌಕಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕತ್ತಿನಲ್ಲೂ ಅಷ್ಟೇ, ತೋಳಿನಲ್ಲೂ ಅಷ್ಟೇ. ಯಂತ್ರವು ಭಾರ ಕಡಿಮೆ ಮಾಡಲು ಬರೆಯನ್ನೂ ಚರ್ಮವನ್ನೂ ಒಂದೇ ಬಣ್ಣದಲ್ಲಿ ಸಾರಿಸಿಬಿಟ್ಟಿತ್ತು. ಮದುವೆಯ ದಿನವೂ ವಚನಾಳ ಮುಖ ಇಷ್ಟು ನುಣುಪಾಗಿರಲಿಲ್ಲ.

"ಇನ್ನೊಂದ್ಸಲ ತೋರ್ಸೋಕೆ ಹೇಳಿ," ಎಂದರು ವರಲಕ್ಷ್ಮಿ, ಮೆಲ್ಲಗೆ.

"ಬೆಳಿಗ್ಗೆಯಿಂದ ಸ್ವಿಚ್ ಆಫ್ ಬರ್ತಿದೆ ಮೇಡಂ."

ವಿಡಿಯೊ ಓಡುತ್ತಲೇ ಇತ್ತು. ಬಂತಾ ಅಮ್ಮ ಎಂಬ ಪಿಸುಮಾತು ಕೇಳಿಸಿತು. ಪರದೆಯ ಮೂಲೆಯ ಬೆರಳಿನ ಉಗುರಿನಷ್ಟು ಚೌಕದಲ್ಲಿ, ಕಣ್ಣು ಮೂಗು ಗೊತ್ತಾಗದ ಒಬ್ಬ ಹೆಂಗಸು ಹೌದು ಹೌದು ಎಂದು ತಲೆಯಾಡಿಸಿದಳು.