ಕೊಬ್ಬರಿ ಎಣ್ಣೆ ಹಚ್ಚಿದ ಕುಂಚ

ಕುಂಚವನ್ನು ಅದ್ದಿ ಎತ್ತಿದರೆ ಮಸಿ ಅದಕ್ಕೆ ಹತ್ತಲೇ ಇಲ್ಲ. ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ಜಾರಿ ಮತ್ತೆ ದೌತಿಗೇ ಬಿತ್ತು. ಸುನಂದಾ ಚೂರು ಹಾಳೆಯ ಮೇಲೊಂದು ಗೆರೆ ಎಳೆದು ನೋಡಿದಳು. ಗೆರೆ ಅಲ್ಲಲ್ಲಿ ಹರಿದು, ಅಂಚಿಗೆ ಜಿಡ್ಡು ಹರಡಿತು. ಕುಂಚವನ್ನು ಮೂಗಿನ ಹತ್ತಿರ ಹಿಡಿದಳು. ಕೊಬ್ಬರಿ ಎಣ್ಣೆ!

"ಅತ್ತೀ, ಈ ಬ್ರಶ್ಶಿಗೆ ಏನ್ ಮಾಡೀರಿ?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಮಹಾದೇವಕ್ಕನ ಕೈ ನಿಲ್ಲಲಿಲ್ಲ. "ಏನ್ ಮಾಡ್ಲಿ? ನಿನ್ನಿ ಅದನ್ನ ಕೈಯಾಗ ಹಿಡ್ಕೊಂಡ ನಿದ್ದಿ ಹೋಗಿದ್ದಿ. ಹಂಗ ಬಿಟ್ಟಿದ್ರ ಮಸಿ ಒಣಗಿ ಜಡಿಗಟ್ಟತಿತ್ತು. ಸೀಗಿಕಾಯಿ ಹಚ್ಚಿ ತೊಳದೆ, ಬಿಸಲಿಗೆ ಆರಸಿದೆ, ಒಂದ್ ಹನಿ ಎಣ್ಣಿ ಹಚ್ಚಿ ಇಟ್ಟೆ. ಕೂದಲ ಅಂದಮ್ಯಾಲ ಎಣ್ಣಿ ಬ್ಯಾಡೇನು?"

"ಇದು ತಲಿ ಕೂದಲ ಅಲ್ಲರೀ ಅತ್ತಿ!"

"ನಿನ್ನ ತಲಿಗಂತೂ ಹಚ್ಚಗೊಡಂಗಿಲ್ಲ. ಯಾವಾಗ ಕೇಳಿದ್ರೂ ಹೊತ್ತಿಲ್ಲ ಅಂತಿ. ಅದಕ್ಕರ ಹಚ್ಚೂಣು ಅಂದೆ."

ಜಗಳಕ್ಕೂ ಒಂದಿಷ್ಟು ತ್ರಾಣ ಬೇಕು. ಸುನಂದಾಳಲ್ಲಿ ಅಷ್ಟೂ ಉಳಿದಿರಲಿಲ್ಲ. ಆಗಲೇ ಹನ್ನೆರಡೂವರೆ. ಎರಡಕ್ಕೆ ಕಾಗದದ ಮಿಲ್ಲಿನ ಪಾಳಿ, ಎಂಟು ತಾಸು ನಿಂತು ಒಳ್ಳೆಯ, ಕೆಟ್ಟ ಹಾಳೆ ಬೇರ್ಪಡಿಸುವ ಕೆಲಸ. ಹೋಗುವ ದಾರಿಯಲ್ಲಿ ಈ ಚಿತ್ರವನ್ನು ಧಾರವಾಡದ ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕು. ಮಕ್ಕಳ ಹಕ್ಕಿ ಪುಸ್ತಕ ಮಾಡುವವರು ಕೇಳಿದ ಮಾದರಿ ಚಿತ್ರ ಅದು, ಇವತ್ತೇ ಕೊನೆಯ ದಿನ. ಅವರ ಮನಸ್ಸಿಗೆ ಬಂದರೆ ಇನ್ನೂ ಇಪ್ಪತ್ತನಾಲ್ಕು ಹಕ್ಕಿ ಇವಳ ಪಾಲಿಗೆ. ಆಗ ಪಾಳಿ ಬಿಡಬಹುದು. ಮಗಳು ಶಾಲೆಯಿಂದ ಬಂದು "ಅವ್ವಾ" ಅಂದರೆ ಬಾಗಿಲು ತೆಗೆಯಲು ತಾನೇ ಇರಬಹುದು. ಮಂಗಟ್ಟೆ ಹಕ್ಕಿಯ ಕೊಕ್ಕು, ರೆಕ್ಕೆ, ಕೂತ ಕೊಂಬೆ ಎಲ್ಲಕ್ಕೂ ಮಸಿ ಬಿದ್ದಿತ್ತು. ಉಳಿದದ್ದು ಕಣ್ಣಿನ ರೆಪ್ಪೆಗೂದಲು, ಒಂಬತ್ತು ಎಳೆ. ಅಷ್ಟು ಸಣ್ಣ ಎಳೆ ಬಿಡಿಸುವ ಮೊನೆ ಇದ್ದದ್ದು ಇದೊಂದೇ ಕುಂಚಕ್ಕೆ. ಪುಸ್ತಕದವರೇ ಕಳಿಸಿಕೊಟ್ಟದ್ದು; ಇಂಥದ್ದನ್ನು ಹುಬ್ಬಳ್ಳಿಯ ಅಂಗಡಿಯವರೂ ಕಂಡಿರಲಿಲ್ಲ.

ಅಂಗಳದ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಅಂಗೈಗೆ ಮೈಸೋಪಿನ ನೊರೆ ಮಾಡಿಕೊಂಡು, ಅದರಲ್ಲಿ ಕುಂಚವನ್ನು ಮೆಲ್ಲಗೆ ಸುತ್ತತೊಡಗಿದಳು. ಹಿಟ್ಟಿನ ಕೈಯಲ್ಲೇ ಮಹಾದೇವಕ್ಕ ಬಂದು ನಿಂತಳು.

"ಬಿಸಿನೀರ ಕೊಡ್ಲೇನು? ಜಿಡ್ಡ ಲಗೂನ ಬಿಡತೈತಿ."

"ಬ್ಯಾಡ್ರಿ. ಬುಡದಾಗಿನ ಅಂಟ ಸಡಲಾಗಿ ಕೂದಲ ಉದರತಾವು."

"ಹಸುಗೂಸಿಗೆ ಎರದಂಗ ಎರಿಯಾಕತ್ತಿ ನೋಡು. ನನ್ನ ಮಗಗೂ ನಾ ಇಷ್ಟು ಜ್ವಾಕಿಲೆ ಎರದಿಲ್ಲ."

"ಅದು ಗೊತ್ತಾಗತೈತ್ರಿ."

ಮಹಾದೇವಕ್ಕ ನಗು ತಡೆಯಲು ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಳು.

ಮೂರು ಸಲ ತೊಳೆದ ಮೇಲೆ ಎಣ್ಣೆಯ ವಾಸನೆ ಹೋಯಿತು. ಆದರೆ ಕೂದಲು ಹಳೇ ಕಸಬರಿಗೆಯಂತೆ ಕೆದರಿಕೊಂಡೇ ಇತ್ತು. ಸುನಂದಾ ಹಿಂದೆಮುಂದೆ ನೋಡದೆ ತುದಿಯನ್ನು ತುಟಿಗಳ ನಡುವೆ ಹಿಡಿದು, ಮೆಲ್ಲಗೆ ಹೊರಳಿಸಿ ಎಳೆದಳು. ಮೊನೆ ಕೂಡಿತು.

"ಶಿವಶಿವಾ! ಬಾಯಾಗ ಇಟ್ಕೊಂತಿ? ಯಾ ಪ್ರಾಣಿ ಕೂದಲ ಅದು?"

ಇಷ್ಟು ದಿನ ಸುನಂದಾ ಈ ಕೆಲಸವನ್ನು ಅತ್ತೆಗೆ ಬೆನ್ನು ತಿರುಗಿಸಿ ಮಾಡುತ್ತಿದ್ದಳು. ಇವತ್ತು ಸುಳ್ಳು ಹೊಸೆಯಲು ಬೇಸರವಾಯಿತು. "ಮುಂಗಲಿ ಅಂಥಾದ್ದೊಂದು ಪ್ರಾಣಿರೀ. ಥಂಡಿ ದೇಶದ್ದು. ಅದರ ಬಾಲದ್ದು."

ಮಹಾದೇವಕ್ಕ ತನ್ನ ಕೈಗಳನ್ನು ನೋಡಿಕೊಂಡಳು. "ಬಾಲದ್ದ! ನಿನ್ನಿ ಇದ ಕೈಲೆ ಅದನ್ನ ತೊಳದೇನಿ. ಇದ ಕೈಲೆ ಮುಂಜಾನಿ ಲಿಂಗಪೂಜಿ ಮಾಡೇನಿ."

"ತುಟಿಲೆ ಎಳೀಲಿಲ್ಲಂದ್ರ ಮೊನಿ ಕೂಡಂಗಿಲ್ಲರೀ ಅತ್ತಿ. ನಾ ಏನ್ ಮಾಡ್ಲಿ?"

ಅತ್ತೆ ನಲ್ಲಿಯ ಕೆಳಗೆ ಕೈ ಹಿಡಿದು ತೊಳೆದಳು. ಸೋಪು ಹಚ್ಚಿ ಇನ್ನೊಮ್ಮೆ ತೊಳೆದಳು. ಅವಳು ಒಳಗೆ ಹೋದ ಮೇಲೆ ರೊಟ್ಟಿ ಬಡಿಯುವ ಸದ್ದು ಮತ್ತೆ ಕೇಳಲಿಲ್ಲ.

ಸುನಂದಾ ಚಿತ್ರದ ಮುಂದೆ ಉಸಿರು ಹಿಡಿದು ಕೂತಳು. ಒಂದು, ಎರಡು, ಮೂರು... ಒಂಬತ್ತನೆಯ ಎಳೆ ಬಿದ್ದಾಗ ಮಂಗಟ್ಟೆ ಅವಳನ್ನೇ ನೋಡತೊಡಗಿತು. ಹಾಳೆ ಆರಿ ಸುರುಳಿ ಸುತ್ತುವಷ್ಟರಲ್ಲಿ ಬಾಗಿಲಲ್ಲಿ ಆಟೋದ ಹಾರ್ನು. ಪಾಳಿಯ ಹೆಂಗಸರನ್ನು ಒಯ್ಯುವ ಉಳವಪ್ಪ.

ಸುರುಳಿ ಕಂಕುಳಲ್ಲಿ, ಊಟದ ಡಬ್ಬಿ ಒಂದು ಕೈಯಲ್ಲಿ, ಮಸಿ ಕುಡಿದ ಕುಂಚ ಇನ್ನೊಂದು ಕೈಯಲ್ಲಿ. ಈ ಮಸಿ ಬುಡದಲ್ಲಿ ಒಣಗಿತೆಂದರೆ ಮುಗಿಯಿತು, ಯಾವ ಸೋಪಿಗೂ ಬಿಡುವುದಿಲ್ಲ. ಬರುವ ಇಪ್ಪತ್ತನಾಲ್ಕು ಹಕ್ಕಿಗಳೂ ಅಲ್ಲಿಗೇ ಹಾರಿಹೋದಂತೆ.

"ತಾ ಇಲ್ಲೆ," ಮಹಾದೇವಕ್ಕ ಹೊಸ್ತಿಲಲ್ಲಿ ಕೈ ಚಾಚಿದಳು.

"ನೀವ್ ಮುಟ್ಟಬ್ಯಾಡ್ರಿ..."

"ತಾ ಅಂದ್ನಿ. ಎಣ್ಣಿ ಹಚ್ಚಂಗಿಲ್ಲ, ಹೆದರಬ್ಯಾಡ."

"ತಣ್ಣೀರಾಗ ತೊಳೀರಿ. ನೆಟ್ಟಗ ನಿಲ್ಲಸಬ್ಯಾಡ್ರಿ, ಅಡ್ಡ ಮಲಗಸ್ರಿ. ಅಷ್ಟ ಸಾಕು." ಉಳಿದದ್ದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಓಣಿಯ ತಿರುವಿನಲ್ಲಿ ಅದೇ ಪಾಳಿಯ ಸಕ್ಕುಬಾಯಿಗಾಗಿ ಆಟೋ ಬಹಳ ಹೊತ್ತು ನಿಂತಿತು. "ಸೀರಿ ಉಟ್ಟಿದ್ದಾತಿಲ್ಲೋ?" ಎಂದು ಉಳವಪ್ಪ ಕೂಗುತ್ತಲೇ ಇದ್ದ. ಸುನಂದಾ ಕಂಬಿಗೆ ತಲೆ ಆನಿಸಿ ಹಿಂದೆ ನೋಡಿದಳು. ಅಂಗಳದಲ್ಲಿ ಮಹಾದೇವಕ್ಕ ತೊಳೆದ ಕುಂಚವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಆಮೇಲೆ ಓಣಿಯ ಈ ಕಡೆ, ಆ ಕಡೆ ಕಣ್ಣಾಡಿಸಿ, ಸೆರಗನ್ನು ಮುಖದ ಒಂದು ಬದಿಗೆ ಮರೆಮಾಡಿಕೊಂಡು, ಕಹಿ ಕಷಾಯ ಕುಡಿಯುವವಳ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿ, ಅದರ ತುದಿಯನ್ನು ತುಟಿಗಳ ನಡುವೆ ಹಿಡಿದು ಎಳೆದಳು.